ಮಣ್ಣಿಗೆ ಮರಳುವ ಕಲೆ: ಎಡೆದೊರೆ ನಾಡಿನ ಬೂದಿದಿಬ್ಬ, ಮಣ್ಣೆತ್ತು ಮತ್ತು ಅನ್ನದ ಹಬ್ಬಗಳು

ಕೃಷ್ಣೆ ಮತ್ತು ತುಂಗಭದ್ರೆಗಳ ನಡುವಣ ಭೂಭಾಗವನ್ನು ನಮ್ಮ ಪ್ರಾಚೀನ ಶಾಸನಗಳು ‘ಎಡೆದೊರೆ’ ಎಂದು ಕರೆದಿವೆ. ಎರಡು ತೊರೆಗಳ ಎಡೆಯಲ್ಲಿರುವ ನಾಡು ಎಂಬುದು ಅದರ ಅರ್ಥ. ಅದೇ ಭೂಭಾಗದ ಪೂರ್ವದ ಅಂಚಿನಲ್ಲಿರುವ ಗದ್ವಾಲ, ಧರೂರು, ಆಲಂಪುರಗಳ ಸೀಮೆಯನ್ನು ತೆಲುಗು ಜನ ‘ನಡಿಗಡ್ಡ’ ಎನ್ನುತ್ತಾರೆ. ನಡುವಿನ ಗಡ್ಡೆ ಎಂಬ ಈ ಮಾತಿಗೂ ಎಡೆದೊರೆ ಎಂಬ ಮಾತಿಗೂ ಅರ್ಥದಲ್ಲಿ ಹೆಚ್ಚಿನ ಅಂತರವಿಲ್ಲ. ಭಾಷೆ ಎರಡಾದರೂ ನೆಲವನ್ನು ಜನ ಕಂಡ ಬಗೆ ಒಂದೇ.

ಈ ನಾಡಿನ ಇತಿಹಾಸವೆಂದರೆ ಸಾಮಾನ್ಯವಾಗಿ ಯುದ್ಧಗಳ ಇತಿಹಾಸ. ರಾಜೇಂದ್ರ ಚೋಳನ ಪ್ರಶಸ್ತಿಯಲ್ಲಿ ಅವನು ಗೆದ್ದ ನಾಡುಗಳ ಪಟ್ಟಿಯಲ್ಲಿ ಎಡೆದೊರೆಯ ಹೆಸರಿದೆ. ವಿಜಯನಗರಕ್ಕೂ ಬಹಮನಿ ಸುಲ್ತಾನರಿಗೂ ತಲೆಮಾರುಗಳ ಕಾಲ ನಡೆದ ವೈರದ ಕೇಂದ್ರ ಇದೇ. 1520ರ ರಾಯಚೂರು ಯುದ್ಧವನ್ನು ಶಾಲೆಯ ಮಕ್ಕಳೂ ಬಲ್ಲರು. ಅನಂತರ ನಿಜಾಮರ ಆಳ್ವಿಕೆ, ಗದ್ವಾಲ ಸಂಸ್ಥಾನದ ವೈಭವ, ಕೊನೆಗೆ 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆ. ಅಂದು ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದುವರೆಗೆ ಅದರ ಭಾಗವಾಗಿದ್ದ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಆಂಧ್ರಪ್ರದೇಶದ ಮಹಬೂಬ್‌ನಗರ ಜಿಲ್ಲೆಗೆ ಹೋದವು. 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯೂ 2019ರಲ್ಲಿ ನಾರಾಯಣಪೇಟೆ ಜಿಲ್ಲೆಯೂ ರೂಪುಗೊಂಡವು. ಗೆರೆಗಳು ಇಷ್ಟು ಸಲ ಬದಲಾದರೂ ಗೆರೆಯ ಎರಡು ಬದಿಯ ರೈತರು ಉತ್ತುವ ಮಣ್ಣು ಬದಲಾಗಲಿಲ್ಲ.

ಆ ಮಣ್ಣಿನಿಂದಲೇ ಈ ಜನ ಮಾಡಿಕೊಂಡು ಬಂದ ಕಲೆಯೊಂದರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನೋಡಬಹುದು. ಸಾರ್ವಜನಿಕ ಕಲೆ ಎಂದೊಡನೆ ಇಂದು ನಮ್ಮ ಕಣ್ಣೆದುರು ಬರುವುದು ವೃತ್ತದಲ್ಲಿ ನಿಲ್ಲಿಸಿದ ಪ್ರತಿಮೆ, ಮೇಲ್ಸೇತುವೆಯ ಕಂಬದ ಮೇಲಿನ ಬಣ್ಣದ ಚಿತ್ರ. ಆಹಾರ, ಸಮುದಾಯ, ಪರಿಸರ ಎಂಬ ವಿಷಯಗಳನ್ನು ಆಯ್ದುಕೊಂಡು ಊರ ನಡುವೆ ಕಲಾಕೃತಿ ರಚಿಸುವ ಪ್ರಯತ್ನಗಳೂ ಜಗತ್ತಿನ ಹಲವೆಡೆ ನಡೆದಿವೆ. ಇವು ಸ್ವಾಗತಾರ್ಹವೇ. ಆದರೆ ಎಡೆದೊರೆ ನಾಡಿನಲ್ಲಿ ಈ ಮೂರನ್ನೂ ಒಂದಾಗಿ ಕಂಡ ಕಲೆ ಹೊಸದಲ್ಲ. ಅದಕ್ಕೆ ಕಲೆಯೆಂಬ ಹೆಸರನ್ನು ನಾವು ಕೊಟ್ಟಿರಲಿಲ್ಲ, ಅಷ್ಟೇ.

ಬೂದಿದಿಬ್ಬದ ಸಾಕ್ಷ್ಯ

ಬಳ್ಳಾರಿ, ರಾಯಚೂರು, ಯಾದಗಿರಿ ಹಾಗೂ ಹಳೆಯ ಮಹಬೂಬ್‌ನಗರ ಜಿಲ್ಲೆಗಳಲ್ಲಿ ಅಲ್ಲಲ್ಲಿ ಬೂದಿಯ ದೊಡ್ಡ ದಿಬ್ಬಗಳಿವೆ. ಜನ ಅವಕ್ಕೆ ತಮ್ಮದೇ ಕಥೆಗಳನ್ನು ಕಟ್ಟಿದ್ದರು. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯ ದಹನಭೂಮಿಯೆಂದು ಇಂದಿಗೂ ತೋರಿಸುತ್ತಾರೆ. ವಿದ್ವಾಂಸರೂ ಬಹುಕಾಲ ಊಹೆಗಳಲ್ಲಿಯೇ ತೊಡಗಿದ್ದರು. ಇವು ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಸಗಣಿಯ ಬೂದಿ ಎಂದು ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಪ್ರಯೋಗಾಲಯದ ಪರೀಕ್ಷೆಯಿಂದ ಅದನ್ನು ಸಮರ್ಥಿಸಿದವರು ಜ್ಯೂನರ್.

1957ರಲ್ಲಿ ರೇಮಂಡ್ ಆಲ್ಚಿನ್ ಅವರು ಅಂದಿನ ಮಹಬೂಬ್‌ನಗರ ಜಿಲ್ಲೆಯ ಉತ್ನೂರಿನ ಬೂದಿದಿಬ್ಬವನ್ನು ಉತ್ಖನನ ಮಾಡಿದರು. ಕಂಬಗಳನ್ನು ನೆಟ್ಟು ಕಟ್ಟಿದ ದನದ ದೊಡ್ಡಿಯ ಕುರುಹುಗಳು, ಒಂದರ ಮೇಲೊಂದು ಸುಟ್ಟ ಪದರಗಳು, ಅವುಗಳ ನಡುವೆ ದನಗಳ ಗೊರಸಿನ ಗುರುತುಗಳು ಅಲ್ಲಿ ದೊರೆತವು. ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನದ ಉತ್ತರಾರ್ಧದಲ್ಲಿ, ಎಂದರೆ ಇಂದಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ, ಹಸಿ ನೆಲದ ಮೇಲೆ ನಡೆದ ದನಗಳ ಹೆಜ್ಜೆಗಳವು. ಸಗಣಿ ತಾನಾಗಿ ಹೊತ್ತಿಕೊಂಡು ಉರಿದಿರಬಹುದೆಂಬ ವಿವರಣೆಗಿಂತ, ಜನ ಕಾಲಕಾಲಕ್ಕೆ ಉದ್ದೇಶಪೂರ್ವಕವಾಗಿ ಅದಕ್ಕೆ ಬೆಂಕಿ ಇಟ್ಟಿರಬೇಕೆಂಬ ವಿವರಣೆಯೇ ಆಲ್ಚಿನ್ ಅವರಿಗೆ ಸರಿಯೆನಿಸಿತು. 1963ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಈ ಬೆಂಕಿಯನ್ನು ಇಂದಿನ ಹಬ್ಬಗಳೊಂದಿಗೆ ಹೋಲಿಸಿದರು. ಸಂಕ್ರಾಂತಿಯಂದು ಎತ್ತುಗಳಿಗೆ ಕಿಚ್ಚು ಹಾಯಿಸುವ ಪದ್ಧತಿಯನ್ನು ಬಲ್ಲ ಕನ್ನಡಿಗರಿಗೆ ಈ ಹೋಲಿಕೆ ಅಪರಿಚಿತವೆನಿಸದು.

ಶೋರಾಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ನಡೆಸಿದ ಉತ್ಖನನ ಈ ಚಿತ್ರವನ್ನು ಇನ್ನಷ್ಟು ತುಂಬಿತು. ಬೂದಿದಿಬ್ಬದ ಪಕ್ಕದಲ್ಲಿ ಜನವಸತಿ ಇದ್ದುದೂ, ಪ್ರಾಣಿಗಳನ್ನು ಕಡಿದು ಮಾಂಸ ಹಂಚಿಕೊಳ್ಳುತ್ತಿದ್ದ ವಿಶಾಲವಾದ ನೆಲಗಟ್ಟು ಇದ್ದುದೂ ಅಲ್ಲಿ ಕಂಡುಬಂದವು. ಒಂದು ಮನೆಯ ಊಟಕ್ಕೆ ಅಷ್ಟು ದೊಡ್ಡ ನೆಲ ಬೇಕಿಲ್ಲ. ಅದು ಸಮುದಾಯದ ಊಟದ ಗುರುತು. ಆ ಜನ ಬೆಳೆದುಣ್ಣುತ್ತಿದ್ದ ಕಾಳುಗಳೂ ಸಸ್ಯಾವಶೇಷಗಳ ಅಧ್ಯಯನದಿಂದ ತಿಳಿದಿವೆ: ಕೊರಲೆಯಂಥ ಕಿರುಧಾನ್ಯಗಳು, ಹುರುಳಿ, ಹೆಸರು. ಇಂದು ನಮ್ಮ ಮುಖ್ಯ ಆಹಾರವೆನಿಸಿದ ಜೋಳ ಆಫ್ರಿಕಾದಿಂದ ಇಲ್ಲಿಗೆ ಬಂದದ್ದು ಆಮೇಲೆ.

ಇತ್ತೀಚಿನ ಕೆಲವು ವಿದ್ವಾಂಸರು ಬೂದಿದಿಬ್ಬಗಳನ್ನು ಬರಿಯ ತಿಪ್ಪೆಗಳೆಂದು ಪರಿಗಣಿಸದೆ, ಜನ ಕೂಡಿ, ತಲೆಮಾರುಗಳ ಕಾಲ ಎತ್ತರಿಸುತ್ತ ಬಂದ ಸ್ಮಾರಕಗಳೆಂದು ಓದುತ್ತಾರೆ. ಈ ಓದನ್ನು ಒಪ್ಪುವುದಾದರೆ, ಈ ನಾಡಿನ ಅತಿ ಹಳೆಯ ಸಾರ್ವಜನಿಕ ಕೃತಿ ಯಾವ ರಾಜನೂ ಕಟ್ಟಿಸಿದ್ದಲ್ಲ, ಯಾವ ಶಿಲ್ಪಿಯೂ ಕಡೆದದ್ದಲ್ಲ. ಅದು ದನ, ಸಗಣಿ, ಬೆಂಕಿ ಮತ್ತು ಸಹಪಂಕ್ತಿಯಿಂದ ಆದದ್ದು. ಅದರ ಮುಂದಿನ ಗತಿಯೂ ಅದಕ್ಕೆ ತಕ್ಕಂತೆಯೇ ಇದೆ. ಹಲವು ದಿಬ್ಬಗಳ ಬೂದಿಯನ್ನು ರೈತರು ಗೊಬ್ಬರವಾಗಿ ಹೊಲಕ್ಕೆ ಹೇರಿಕೊಂಡು ಹೋದರು. ಪುರಾತತ್ತ್ವದ ದೃಷ್ಟಿಯಿಂದ ಅದು ನಷ್ಟವೇ ಸರಿ. ಆದರೆ ದಿಬ್ಬ ಕಟ್ಟಿದವರ ದೃಷ್ಟಿಯಿಂದ ಅದು ಅಷ್ಟು ದೊಡ್ಡ ಅಪರಾಧವಾಗಿ ಕಾಣುತ್ತಿತ್ತೇ ಎಂದು ಕೇಳಿಕೊಳ್ಳಬಹುದು.

ಕಲ್ಲು ಸ್ಥಳಾಂತರವಾಗಬಲ್ಲದು

ಇದೇ ಸೀಮೆಯಲ್ಲಿ ಉಳಿಯಲೆಂದೇ ಮಾಡಿದ ಕಲೆಯೂ ಶ್ರೇಷ್ಠವಾಗಿಯೇ ಇದೆ. ಆಲಂಪುರದ ನವಬ್ರಹ್ಮ ದೇವಾಲಯಗಳು ಬಾದಾಮಿ ಚಾಲುಕ್ಯರ ಕಾಲದವು, 7 ಮತ್ತು 8ನೆಯ ಶತಮಾನಗಳವು. ಐಹೊಳೆ, ಪಟ್ಟದಕಲ್ಲುಗಳನ್ನು ಕಂಡ ಕನ್ನಡಿಗರು ಅಲ್ಲಿಗೆ ಹೋದರೆ ನೆಂಟರ ಮನೆಗೆ ಹೋದಂತೆ ಅನಿಸುತ್ತದೆ. ಶ್ರೀಶೈಲಂ ಜಲಾಶಯದ ನೀರು ಏರಿ ಬಂದಾಗ ಕೃಷ್ಣಾ ತುಂಗಭದ್ರಾ ಸಂಗಮದ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮರಳಿ ಕಟ್ಟಲಾಯಿತು. ಕಲ್ಲಿನ ಕಲೆಗೆ ಈ ಅನುಕೂಲವಿದೆ: ಸಂಖ್ಯೆ ಬರೆದು, ಗಾಡಿಗೆ ಹೇರಿ, ಬೇರೆಡೆ ನಿಲ್ಲಿಸಬಹುದು.

ಧರೂರು ಮಂಡಲದ ರೇವುಲಪಲ್ಲಿಯ ಬಳಿ ಕೃಷ್ಣೆಗೆ ಅಡ್ಡವಾಗಿ ಕಟ್ಟಿದ ಜುರಾಲ ಯೋಜನೆಗೂ ಹೀಗೆಯೇ ಅದರದೊಂದು ಚರಿತ್ರೆಯಿದೆ. 1981ರಲ್ಲಿ ಅಡಿಗಲ್ಲು ಬಿದ್ದು 1990ರ ದಶಕದಲ್ಲಿ ಬಳಕೆಗೆ ಬಂದ ಈ ಅಣೆಕಟ್ಟು ಒಣಭೂಮಿಗೆ ನೀರು ತಂದಿತು; ಅದರಿಂದ ಬದುಕು ಹಸನಾದವರು ಅನೇಕರು. ಆದರೆ ನೀರಿನೊಡನೆ ಬೆಳೆ ಬದಲಾಯಿತು, ಬೆಳೆಯೊಡನೆ ಊಟ ಬದಲಾಯಿತು. ಊಟಕ್ಕೆ ಅಂಟಿಕೊಂಡಿದ್ದ ಕಲೆಯನ್ನು ಮಾತ್ರ ಹೀಗೆ ಬಿಚ್ಚಿ ಬೇರೆಡೆ ಕಟ್ಟಲಾಗದು. ಆ ಕಲೆ ಯಾವುದೆಂಬುದನ್ನು ಈಗ ನೋಡೋಣ.

ಐದು ಮಣ್ಣಿನ ಪೂಜೆಗಳು

ಉತ್ತರ ಕರ್ನಾಟಕದ ಒಕ್ಕಲು ಮನೆಗಳಲ್ಲಿ ಮುಂಗಾರಿನ ತಿಂಗಳುಗಳೆಂದರೆ ಮಣ್ಣನ್ನು ಪೂಜಿಸುವ ಕಾಲ. ಮಣ್ಣೆತ್ತು, ಗುಳ್ಳವ್ವ, ನಾಗಪ್ಪ, ಗಣಪ, ಜೋಕುಮಾರ ಎಂದು ಐದು ಮಣ್ಣಿನ ಮೂರ್ತಿಗಳು ಒಂದರ ಹಿಂದೊಂದು ಬರುತ್ತವೆ.

ಈ ಸರಣಿಗೆ ಪೀಠಿಕೆ ಹಾಕುವುದು ಜ್ಯೇಷ್ಠದ ಕಾರಹುಣ್ಣಿಮೆ. ಅಂದು ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಮೈಮೇಲೆ ಬಣ್ಣದ ಚಿತ್ತಾರ ಬಿಡಿಸಿ, ಸಂಜೆ ಅಗಸೆಯ ಮುಂದೆ ಕರಿ ಹರಿಯುತ್ತಾರೆ. ಬಿಳಿ ಎತ್ತು ಮುಂದೆ ಬಂದರೆ ಬಿಳಿಯ ಬೆಳೆ, ಕೆಂದೆತ್ತು ಮುಂದೆ ಬಂದರೆ ಕೆಂಪು ಬೆಳೆ ಹುಲುಸಾಗುವುದೆಂಬ ನಂಬಿಕೆ. ಅದೇ ದಿನ ತೆಲುಗು ರೈತರಿಗೆ ಏರುವಾಕ ಪೌರ್ಣಮಿ. ಹೆಸರು ಬೇರೆ, ಎತ್ತು ಒಂದೇ.

ಹದಿನೈದು ದಿನಗಳ ಬಳಿಕ ಮಣ್ಣೆತ್ತಿನ ಅಮಾವಾಸ್ಯೆ. ಕುಂಬಾರರು ಕೆರೆಯಂಗಳದ ಎರೆಮಣ್ಣಿನಿಂದ ಎತ್ತಿನ ಜೋಡಿಗಳನ್ನು ಮಾಡಿ ಮನೆಮನೆಗೆ ತರುತ್ತಾರೆ. ಮನೆಯವರು ಜೋಳವನ್ನು ಕೊಟ್ಟು ಕೊಳ್ಳುವುದು ಹಳೆಯ ಕ್ರಮ. ಪೂಜೆಗೆ ಹೋಳಿಗೆಯ ಎಡೆ. ನವಶಿಲಾಯುಗದ ನೆಲೆಯಾದ ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ ಬಂಡೆಗಳ ಮೇಲೆ ಕುಟ್ಟಿ ಬಿಡಿಸಿದ ಗೂಳಿಗಳ ಚಿತ್ರಗಳಿವೆ, ಸುಟ್ಟ ಮಣ್ಣಿನ ದನದ ಬೊಂಬೆಗಳೂ ದೊರೆತಿವೆ. ಆ ಬೊಂಬೆಗೂ ಇಂದಿನ ಮಣ್ಣೆತ್ತಿಗೂ ನೇರ ಸಂಬಂಧ ಹೇಳುವುದು ದುಡುಕಾದೀತು. ನಡುವೆ ಸಾವಿರಾರು ವರ್ಷಗಳ ಮೌನವಿದೆ. ಆದರೂ ಒಂದೇ ನೆಲದಲ್ಲಿ, ಒಂದೇ ಪ್ರಾಣಿಯನ್ನು, ಒಂದೇ ಮಣ್ಣಿನಲ್ಲಿ ಮನುಷ್ಯರ ಕೈ ಮತ್ತೆ ಮತ್ತೆ ಮಾಡಿದೆ ಎಂಬುದಂತೂ ನಿಜ.

ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಾಡುತ್ತಾರೆ. ಕುಸುಬೆ, ಗುಲಗಂಜಿಯಂಥ ಕಾಳುಗಳೇ ಅವಳ ಒಡವೆ. ಹಾಡಿ, ಆಡಿ, ಬುತ್ತಿ ಹಂಚಿಕೊಂಡು ಉಂಡು, ಕೊನೆಗೆ ನೀರಿಗೆ ಬಿಡುತ್ತಾರೆ. ಶ್ರಾವಣದಲ್ಲಿ ನಾಗಪ್ಪನಿಗೆ ಹುತ್ತದ ಮಣ್ಣು, ಜೋಳದ ಅರಳು, ತಂಬಿಟ್ಟು. ಭಾದ್ರಪದದಲ್ಲಿ ಗಣಪ. ಗಣಪ ಹೋದ ಮೇಲೆ, ಅಷ್ಟಮಿಯಂದು ಹುಟ್ಟಿ ಹುಣ್ಣಿಮೆಗೆ ಸಾಯುವ ಜೋಕುಮಾರ.

ಈ ಐವರಲ್ಲಿ ಊಟ, ಊರು ಮತ್ತು ಹೊಲ ಮೂರನ್ನೂ ಅತ್ಯಂತ ಬಿಗಿಯಾಗಿ ಹೆಣೆದವನು ಜೋಕುಮಾರ. ಅಗಲ ಮುಖದ, ತೆರೆದ ಬಾಯಿಯ ಮಣ್ಣಿನ ಮೂರ್ತಿಯನ್ನು ಬೇವಿನ ಸೊಪ್ಪು ತುಂಬಿದ ಬುಟ್ಟಿಯಲ್ಲಿರಿಸಿ, ಬಾಯಿಗೆ ಬೆಣ್ಣೆ ಸವರಿ, ಅಂಬಿಗರ ಹೆಂಗಸರು ಊರೂರು ಸುತ್ತುತ್ತಾರೆ. ಮನೆಯವರು ಜೋಳ, ಸಜ್ಜೆ, ಮೆಣಸಿನಕಾಯಿ, ಉಪ್ಪನ್ನು ಮೊರದಲ್ಲಿ ತಂದು ಕೊಡುತ್ತಾರೆ. ಮರಳಿ ಪಡೆಯುವುದು ಬೇವಿನ ಎಲೆ ಮತ್ತು ಒಂದಿಷ್ಟು ನುಚ್ಚು. ಅದನ್ನು ರೈತ ಅಂಬಲಿಯಲ್ಲಿ ಬೆರೆಸಿ ತನ್ನ ಹೊಲಕ್ಕೆ ಚರಗವಾಗಿ ಚೆಲ್ಲುತ್ತಾನೆ. ಮನೆಯ ಕಾಳು ಬುಟ್ಟಿಗೆ, ಬುಟ್ಟಿಯ ನುಚ್ಚು ಹೊಲಕ್ಕೆ, ಹೊಲದ ತೆನೆ ಮತ್ತೆ ಮನೆಗೆ. ಹುಣ್ಣಿಮೆಯ ರಾತ್ರಿ ಒನಕೆಯಿಂದ ಜೋಕುಮಾರನನ್ನು ಒಡೆದು ಅಗಸರ ಬಂಡೆಯ ಬಳಿ ಬಿಟ್ಟುಬರುತ್ತಾರೆ. ಕೃತಿಯ ನಾಶವೂ ಕೃತಿಯ ಭಾಗವೇ. ಚಂದ್ರಶೇಖರ ಕಂಬಾರರು 1972ರಲ್ಲಿ ‘ಜೋಕುಮಾರಸ್ವಾಮಿ’ ನಾಟಕವನ್ನು ಬರೆದಾಗ ಈ ಆಚರಣೆಯೊಳಗಿನ ಫಲವಂತಿಕೆಯ ಆಶಯವನ್ನು ನೆಲದ ಒಡೆತನದ ಪ್ರಶ್ನೆಯೊಂದಿಗೆ ಜೋಡಿಸಿದ್ದು ಆಕಸ್ಮಿಕವಲ್ಲ.

ಹೊಲದಲ್ಲಿ ಬಡಿಸಿದ ಎಡೆ

ಮಣ್ಣಿನ ಮೂರ್ತಿಗಳ ಕಾಲ ಮುಗಿದ ಮೇಲೆ ಹೊಲವೇ ಪೂಜೆಯ ಮನೆಯಾಗುತ್ತದೆ. ಆಶ್ವಯುಜದ ಸೀಗಿಹುಣ್ಣಿಮೆಗೂ ಮಾರ್ಗಶಿರದ ಎಳ್ಳಮಾವಾಸ್ಯೆಗೂ ಬೀದರ, ಕಲಬುರಗಿ, ರಾಯಚೂರು ಸೀಮೆಯ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆಯುತ್ತವೆ. ಎಳ್ಳಮಾವಾಸ್ಯೆಯ ಹೊತ್ತಿಗೆ ಹಿಂಗಾರಿನ ಬಿಳಿಜೋಳ ಎದೆಮಟ್ಟ ಬೆಳೆದಿರುತ್ತದೆ. ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲುಗಳನ್ನು ಪಾಂಡವರೆಂದು ನಿಲ್ಲಿಸಿ ಸುಣ್ಣ ಬಳಿದು, ಸಜ್ಜೆಯ ರೊಟ್ಟಿ, ಕಾಳು ತರಕಾರಿಗಳ ಭಜ್ಜಿ, ಎಳ್ಳಿನ ಹೋಳಿಗೆ, ಶೇಂಗಾ ಹೋಳಿಗೆ, ಅಂಬಲಿಗಳನ್ನು ಎಡೆ ಮಾಡಿ, ಹೊಲದ ನಾಲ್ಕು ದಿಕ್ಕಿಗೂ ಚರಗ ಚೆಲ್ಲುತ್ತಾರೆ. ಹಕ್ಕಿ, ಇರುವೆ, ಹುಳುಗಳಿಗೂ ಪಾಲು. ಹೊಲವಿಲ್ಲದವರನ್ನೂ ಕರೆದು ಉಣಿಸುವುದು ಅಂದಿನ ಕಟ್ಟಳೆ.

ಮಲೆನಾಡಿನ ದೀವರ ಹೆಂಗಸರು ಇದೇ ಹುಣ್ಣಿಮೆಯನ್ನು ಭೂಮಿಹುಣ್ಣಿಮೆಯೆಂದು ಆಚರಿಸುವಾಗ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಿಂದ ಸೂಕ್ಷ್ಮವಾದ ಚಿತ್ತಾರ ಬರೆದು, ಅದರಲ್ಲಿ ಬಸುರಿ ಭೂಮಿತಾಯಿಗೆ ಬಯಕೆಯೂಟ ಒಯ್ಯುತ್ತಾರೆ. ಆ ಭೂಮಣ್ಣಿ ಬುಟ್ಟಿಯನ್ನು ಇಂದು ಚಿತ್ತಾರ ಕಲೆಯ ಶ್ರೇಷ್ಠ ಮಾದರಿಯೆಂದು ಕಲಾವಿಮರ್ಶಕರು ಕೊಂಡಾಡುತ್ತಾರೆ. ಎರೆನಾಡಿನ ಕೊಂಪೆಯೂ ಅದರ ಸೋದರಿಯೇ. ಅದಕ್ಕಿನ್ನೂ ಅಂಥ ಮನ್ನಣೆ ಬಂದಿಲ್ಲ. ತೆಲಂಗಾಣದ ಬತುಕಮ್ಮವನ್ನೂ ಇಲ್ಲಿಯೇ ನೆನೆಯಬೇಕು. ತಂಗಡಿ, ಗುನುಗು, ಚೆಂಡುಹೂಗಳನ್ನು ಗೋಪುರದಂತೆ ಜೋಡಿಸಿ, ಸುತ್ತ ಹಾಡಿ ಕುಣಿದು, ಕೆರೆಗೆ ಬಿಟ್ಟು, ತಂದ ಬುತ್ತಿಯನ್ನು ಹಂಚಿಕೊಂಡು ತಿನ್ನುವ ಈ ಹಬ್ಬ 2014ರಲ್ಲಿ ರಾಜ್ಯದ ಹಬ್ಬವಾಯಿತು. ಬಿತ್ತದೆ ಬೆಳೆದ ಬಯಲಿನ ಹೂವುಗಳು ಒಂದು ರಾಜ್ಯದ ಲಾಂಛನವಾದದ್ದು ಗಮನಾರ್ಹ.

ಯಾರ ಕೈ, ಯಾರ ಕಾಳು

ಇಷ್ಟು ಹೇಳಿ ಸುಮ್ಮನಾದರೆ ಚರಿತ್ರೆ ಅರ್ಧವಾಗುತ್ತದೆ. ಮೂರ್ತಿಯನ್ನು ಮಾಡಿದ ಕುಂಬಾರ, ಹೊತ್ತು ತಿರುಗಿದ ಅಂಬಿಗರ ಹೆಂಗಸು, ಒಡೆದ ಮೂರ್ತಿಗೆ ಅತ್ತ ಅಗಸ, ಇವರೆಲ್ಲ ಆಯದ ಕಾಳಿಗೆ ದುಡಿದವರು. ಕಲೆ ಅವರ ಕೈಯಲ್ಲಿತ್ತು, ಕಣಜ ಬೇರೆಯವರ ಮನೆಯಲ್ಲಿತ್ತು. ಬರ ಬಂದ ವರ್ಷ ಮೊದಲು ನಿಂತುಹೋಗುತ್ತಿದ್ದುದು ಈ ಆಯವೇ. ಹಿಂದಿನದೆಲ್ಲ ಸಮರಸವಾಗಿತ್ತೆಂದು ಹಾಡುವುದು ಆ ಕೈಗಳಿಗೆ ಮಾಡುವ ಅನ್ಯಾಯ. ಹಬ್ಬವನ್ನು ಉಳಿಸುವಾಗ ಹಂಚಿಕೊಳ್ಳುವ ಗುಣವನ್ನು ಉಳಿಸಿಕೊಂಡು, ಮೇಲುಕೀಳಿನ ಕಟ್ಟನ್ನು ಬಿಡಬೇಕಾಗುತ್ತದೆ.

ಈ ಬೇರ್ಪಡಿಸುವಿಕೆ ಸಾಧ್ಯವೆಂಬುದಕ್ಕೆ ನಿದರ್ಶನ ದೂರದಲ್ಲಿಲ್ಲ. ಜಹೀರಾಬಾದ್ ಕೂಡ ಗದ್ವಾಲದಂತೆಯೇ 1956ರ ಗೆರೆಯಿಂದ ಬೇರೆಯಾದ ತಾಲ್ಲೂಕು. ಅದುವರೆಗೆ ಅದು ಬೀದರ ಜಿಲ್ಲೆಯಲ್ಲಿತ್ತು. ಅಲ್ಲಿಯ ಪಸ್ತಾಪುರದಲ್ಲಿ 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿದವರಲ್ಲಿ ಪ್ರಮುಖರು ಮೈಸೂರಿನಲ್ಲಿ ಹುಟ್ಟಿ, ದೂರದರ್ಶನದಲ್ಲಿ ದುಡಿದಿದ್ದ ಪಿ. ವಿ. ಸತೀಶ್. ಅದರ ಶಕ್ತಿ ಮಾತ್ರ ಸಂಘಗಳಲ್ಲಿ ಕೂಡಿದ ದಲಿತ ಮಹಿಳೆಯರು. ಪಡೀಕು ಬಿದ್ದ ತುಂಡುಭೂಮಿಯಲ್ಲಿ ಅವರು ಜೋಳ, ನವಣೆ, ಸಾವೆ, ಸಜ್ಜೆ, ತೊಗರಿಗಳನ್ನು ಬೆರೆಸಿ ಬೆಳೆದರು. ಬೀಜಗಳನ್ನು ತಾವೇ ಕಾಪಿಟ್ಟರು.

ಸುಮಾರು ಎರಡು ದಶಕಗಳಿಗೂ ಮಿಕ್ಕಿ ಅವರು ಸಂಕ್ರಾಂತಿಯ ಹೊತ್ತಿಗೆ ಬೀಜದ ಜಾತ್ರೆಯನ್ನು ನಡೆಸುತ್ತ ಬಂದಿದ್ದಾರೆ. ಸಿಂಗರಿಸಿದ ಎತ್ತಿನ ಬಂಡಿಗಳಲ್ಲಿ ನಾನಾ ಬಣ್ಣದ ಕಾಳುಗಳನ್ನು ತುಂಬಿದ ಮಡಕೆಗಳು ಸಾಲಾಗಿ ಕುಳಿತು, ಸುಮಾರು ಒಂದು ತಿಂಗಳು ಊರಿಂದೂರಿಗೆ ಹೋಗುತ್ತವೆ. ಪ್ರತಿ ಊರಲ್ಲಿಯೂ ಹಾಡು, ಕುಣಿತ, ಬೀಜಗಳ ಪ್ರದರ್ಶನ, ರೈತರೊಡನೆ ಮಾತು, ಕಿರುಧಾನ್ಯದ ಊಟ. ಬಂಡಿಗಳ ಅಲಂಕಾರವನ್ನು ನೋಡಿದವರಿಗೆ ಅದು ದೇವರ ಉತ್ಸವದಂತೆ ಕಾಣುತ್ತದೆ. ಆದರೆ ಮೆರವಣಿಗೆ ಹೊರಟ ದೇವರು ಬೀಜ. ಹಿಂದೆ ಇನ್ನೊಬ್ಬರ ಕಣಜದ ಮುಂದೆ ಮೊರ ಹಿಡಿದು ನಿಂತವರು ಇಲ್ಲಿ ಬೀಜದ ಒಡತಿಯರಾಗಿ ಬಂಡಿಯ ಮುಂದೆ ನಡೆಯುತ್ತಾರೆ. 2019ರಲ್ಲಿ ಇವರ ಸಂಘಗಳಿಗೆ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಬಂದಿತು. ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದ 2023ರಲ್ಲಿಯೇ ಸತೀಶ್ ಅವರು ಕಾಲವಾದರು.

ಇದಕ್ಕೆ ಎದುರಾಗಿ ಗದ್ವಾಲ ಸೀಮೆಯ ಇಂದಿನ ಸ್ಥಿತಿಯನ್ನು ಇಟ್ಟು ನೋಡಬೇಕು. ಈ ನಡಿಗಡ್ಡ ಈಗ ಹತ್ತಿಬೀಜೋತ್ಪಾದನೆಗೆ ಹೆಸರಾದ ಪ್ರದೇಶ. ಇಲ್ಲಿಯ ರೈತ ಬೆಳೆಯುವ ಬೀಜ ಅವನದಲ್ಲ. ಕರಾರಿನಂತೆ ಬೆಳೆದು ಒಪ್ಪಿಸಬೇಕು. ಮುಂದಿನ ವರ್ಷಕ್ಕೆ ಅದರಲ್ಲಿ ಒಂದು ಹಿಡಿಯನ್ನೂ ಅವನು ಮಡಕೆಯಲ್ಲಿ ಕಟ್ಟಿಡುವಂತಿಲ್ಲ. ಹಣ ಬರುತ್ತದೆ, ಕೆಲವೊಮ್ಮೆ ಬರುವುದಿಲ್ಲ. ಆದರೆ ಜೋಕುಮಾರನ ಬುಟ್ಟಿಗೆ ಹಾಕಲು ಮನೆಯ ಜೋಳವಿಲ್ಲವಾದರೆ, ಹೊಲಕ್ಕೆ ಚೆಲ್ಲಲು ನುಚ್ಚಿಲ್ಲವಾದರೆ, ಆ ಬುಟ್ಟಿ ಯಾಕೆ ಬರಬೇಕು? ಎತ್ತಿನ ಜಾಗದಲ್ಲಿ ಟ್ರ್ಯಾಕ್ಟರು ನಿಂತ ಮನೆಯಲ್ಲಿ ಮಣ್ಣೆತ್ತು ಯಾವುದರ ಪ್ರತಿಮೆ?

ಉಳಿಸುವುದೆಂದರೇನು

ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳಿಂದ ಕೆರೆಗಳು ಕೆಡುತ್ತಿರುವುದನ್ನು ಕಂಡು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಪರಿಷ್ಕೃತ ಮಾರ್ಗಸೂಚಿಗಳನ್ನು ಹೊರಡಿಸಿ, ಸಹಜವಾಗಿ ಕರಗುವ ಮಣ್ಣಿನ ಮೂರ್ತಿಗಳನ್ನೇ ಮಾಡಬೇಕೆಂದು ಹೇಳಿತು. ಕುಂಬಾರನ ಅಂಗಳದಲ್ಲಿ ಯಾರೂ ಬರೆದಿಡದೆ ಪಾಲನೆಯಾಗುತ್ತಿದ್ದ ನಿಯಮವದು. ಕೆರೆಯಿಂದ ಬಂದ ಮಣ್ಣು ಕೆರೆಗೆ ಹೋಗಬೇಕು. ಮತ್ತೆ ಬೇಸಗೆಯಲ್ಲಿ ಹೂಳಾಗಿ ಹೊಲಕ್ಕೆ ಏರಬೇಕು. 2015ರಲ್ಲಿ ತೆಲಂಗಾಣ ಸರ್ಕಾರ ಆರಂಭಿಸಿದ ಮಿಷನ್ ಕಾಕತೀಯ ಯೋಜನೆಯಲ್ಲಿ ಕೆರೆಗಳ ಹೂಳನ್ನು ರೈತರು ತಮ್ಮ ಹೊಲಗಳಿಗೆ ಹೊಡೆದುಕೊಂಡಾಗ ಈ ಹಳೆಯ ಸುತ್ತು ಸ್ವಲ್ಪಮಟ್ಟಿಗೆ ಮತ್ತೆ ತಿರುಗಿತು.

ಕಲ್ಲಿನ ದೇವಾಲಯ ಪಾಳುಬಿದ್ದರೂ ಕಲ್ಲು ಉಳಿಯುತ್ತದೆ. ನೂರು ವರ್ಷಗಳ ಬಳಿಕ ಯಾರೋ ಬಂದು ಓದುತ್ತಾರೆ. ಮಣ್ಣೆತ್ತಿಗೆ ಅವಶೇಷವಿಲ್ಲ. ಪ್ರತಿ ವರ್ಷ ಮತ್ತೆ ಮಾಡುವುದೇ ಅದರ ಅಸ್ತಿತ್ವ. ಒಂದು ತಲೆಮಾರು ಕೈಬಿಟ್ಟರೆ ಅದು ಇತ್ತೆಂಬುದಕ್ಕೆ ಹೊಲದಲ್ಲಾಗಲಿ ಕೆರೆಯಲ್ಲಾಗಲಿ ಗುರುತು ಸಿಗದು. ಭಾಷೆಯ ಸಂಗತಿಯೂ ಹೀಗೆಯೇ ಎಂಬುದನ್ನು ಗಡಿಯ ಕನ್ನಡಿಗರಿಗೆ ಬೇರೆ ಹೇಳಬೇಕಾಗಿಲ್ಲ. ಚರಗ, ಕೊಂಪೆ, ನುಚ್ಚು, ಕರಿ, ಆಯ ಎಂಬ ಮಾತುಗಳು ನಿಘಂಟಿನಲ್ಲಿ ಉಳಿದಾವು. ಆದರೆ ಅವು ಬಾಯಲ್ಲಿ ಉಳಿಯುವುದು ಕೈಗೆ ಕೆಲಸವಿದ್ದಾಗ ಮಾತ್ರ.

ಆದ್ದರಿಂದ ಇಂಥ ಸಮ್ಮೇಳನಗಳ ಸಂದರ್ಭದಲ್ಲಿ ನಮ್ಮ ಸಂಘಗಳು ಮಾಡಬಹುದಾದ ಕೆಲಸಗಳು ಚಿಕ್ಕವು, ಆದರೆ ತುರ್ತಿನವು. ಧರೂರು, ಮಕ್ತಲ್, ನಾರಾಯಣಪೇಟೆ, ಗದ್ವಾಲ ಸೀಮೆಯ ಪ್ರತಿ ಊರಲ್ಲಿ ಮಣ್ಣಿನ ಮೂರ್ತಿಗಳನ್ನು ಇಂದಿಗೂ ಮಾಡುವವರು ಯಾರು, ಮಣ್ಣನ್ನು ಯಾವ ಕೆರೆಯಿಂದ ತರುತ್ತಾರೆ, ಪ್ರತಿಯಾಗಿ ಏನು ಪಡೆಯುತ್ತಾರೆ ಎಂಬುದನ್ನು ಬರೆದಿಡಬೇಕು. ಎಳ್ಳಮಾವಾಸ್ಯೆಯ ಬುತ್ತಿಯಲ್ಲಿ ಏನೇನಿರುತ್ತಿತ್ತು, ಅದರ ಯಾವ ಕಾಳು ಈಗ ಅಂಗಡಿಯಿಂದ ಬರುತ್ತದೆ ಎಂದು ಮಕ್ಕಳು ತಮ್ಮ ಅಜ್ಜಿಯರನ್ನು ಕೇಳಿ ಪಟ್ಟಿ ಮಾಡಬೇಕು. ಮಣ್ಣೆತ್ತಿನ ಅಮಾವಾಸ್ಯೆಯಂದು ಕನ್ನಡ, ತೆಲುಗು ಎನ್ನದೆ ಶಾಲೆಯ ಮಕ್ಕಳೆಲ್ಲರೂ ಒಂದು ಹಿಡಿ ಕೆರೆಮಣ್ಣು ತಂದು ಕುಂಬಾರರ ಹತ್ತಿರ ಕುಳಿತು ಎತ್ತು ಮಾಡುವುದನ್ನು ಕಲಿಯಬೇಕು. ಕಲಿಸಿದ ಕುಂಬಾರರಿಗೆ ಗುರುವಿಗೆ ಸಲ್ಲುವ ಗೌರವವೂ ಸಂಭಾವನೆಯೂ ಸಲ್ಲಬೇಕು. ಮಕ್ಕಳು ಮಾಡಿದ ಎತ್ತುಗಳು ಸಂಜೆ ಕೆರೆಗೆ ಹೋಗಲಿ. ಮುಂದಿನ ವರ್ಷದ ಅಮಾವಾಸ್ಯೆಗೆ ಮಣ್ಣು ಅಲ್ಲಿಯೇ ಸಿಗುತ್ತದೆ.